ವಿದ್ಯಾಲಯದ ಸಹಬಾಳ್ವೆ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ರಾಂಪುರವೆಂಬ ಊರಿದೆ. ಇದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದುದು. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು. ಅವುಗಳ ನಡುವೆ ಮಳೆಯನ್ನೇ ನಂಬಿದ ಶೇಂಗಾ ಹೊಲಗಳು. ಹತ್ತಿರದಲ್ಲಿಯೇ ಆಂಧ್ರಪ್ರದೇಶದ ಗಡಿ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಶಾಸನಗಳಿವೆ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಈ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆ ತಾಯಿಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬುದು ಅವುಗಳ ತಾತ್ಪರ್ಯ. ಕರ್ನಾಟಕದ ನೆಲದಲ್ಲಿ ದೊರೆತ ಅತ್ಯಂತ ಹಳೆಯ ಬರಹಗಳಲ್ಲಿಯೇ ಗುರುಶಿಷ್ಯರ ಮಾತು ಬಂದಿರುವುದು ಗಮನಿಸತಕ್ಕ ಸಂಗತಿಯಾಗಿದೆ.

ಮನುಷ್ಯನು ಮೊದಲು ಅರಿಯುವ ಸಂಬಂಧಗಳನ್ನೆಲ್ಲ ಆ ಶಾಸನ ಹೇಳುತ್ತದೆ. ತಂದೆ ತಾಯಿಗಳು ಮನೆಯಲ್ಲಿದ್ದಾರೆ, ಬಂಧುಗಳು ಊರಿನಲ್ಲಿದ್ದಾರೆ, ಗುರುವು ಶಾಲೆಯಲ್ಲಿದ್ದಾನೆ. ಆದರೆ ಮನೆಯವನೂ ಅಲ್ಲದ, ಬಂಧುವೂ ಅಲ್ಲದ, ಊರಿನವನೂ ಅಲ್ಲದ ಒಬ್ಬ ವ್ಯಕ್ತಿಯೊಡನೆ ಹೇಗೆ ಬಾಳಬೇಕು? ಆತನ ಜಾತಿ ಬೇರೆ, ಮಾತು ಬೇರೆ, ಉಣ್ಣುವ ಆಹಾರ ಬೇರೆ ಆಗಿರಬಹುದು. ಹುಟ್ಟಿನಿಂದ ಬಾರದ ಈ ಸಂಬಂಧವನ್ನು ಮನುಷ್ಯನು ಕಲಿತೇ ಪಡೆಯಬೇಕು. ಇಂದಿನ ಸಮಾಜದಲ್ಲಿ ಇದನ್ನು ಕಲಿಯಲು ಇರುವ ಸ್ಥಳಗಳಲ್ಲಿ ಕಾಲೇಜು ಬಹು ಮುಖ್ಯವಾದುದು.

ರಾಂಪುರದಂತಹ ಊರಿನಿಂದ ಒಬ್ಬ ಹುಡುಗನೋ ಹುಡುಗಿಯೋ ಮೊದಲ ಬಾರಿಗೆ ದೂರದ ಕಾಲೇಜಿಗೆ ಸೇರಲು ಹೊರಡುವುದನ್ನು ಊಹಿಸಿಕೊಳ್ಳಬಹುದು. ಕೈಯಲ್ಲೊಂದು ಟ್ರಂಕು, ಹಾಸಿಗೆಯ ಸುರುಳಿ, ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಊರಿನಲ್ಲಿ ಆತನನ್ನು ಅರಿಯದವರಿಲ್ಲ. ಇಂಥವರ ಮಗನೆಂದರೆ ಸಾಕು, ಎಲ್ಲರಿಗೂ ಗೊತ್ತು. ಬಸ್ಸಿನಿಂದ ಇಳಿದು ಕಾಲೇಜಿನ ಹೆಬ್ಬಾಗಿಲನ್ನು ದಾಟಿದ ಕೂಡಲೇ ಆತನು ಯಾರಿಗೂ ಗೊತ್ತಿಲ್ಲದವನಾಗುತ್ತಾನೆ. ಆತನ ಮಾತಿನಲ್ಲಿ ಗಡಿನಾಡಿನ ತೆಲುಗಿನ ಛಾಯೆಯಿದ್ದರೆ ಕೆಲವರು ನಗುತ್ತಾರೆ. ಇಂಗ್ಲಿಷಿನಲ್ಲಿ ನಡೆಯುವ ಪಾಠ ಅರ್ಥವಾಗದಿದ್ದರೆ ಎದ್ದು ಕೇಳಲು ನಾಚಿಕೆ. ಸಾವಿರ ಜನರ ನಡುವೆ ಇದ್ದರೂ ಆತನು ಒಂಟಿ. ಈ ಒಂಟಿತನವನ್ನು ತಾಳಲಾರದೆ ಓದನ್ನು ಬಿಟ್ಟು ಊರಿಗೆ ಹಿಂದಿರುಗಿದವರೂ ಇದ್ದಾರೆ. ಅದೇ ಕಾಲೇಜಿನಲ್ಲಿ ಮೂರು ವರ್ಷ ಕಳೆದು, ಹೊರಡುವ ದಿನ ಗೆಳೆಯರ ಕೈ ಹಿಡಿದು ಕಣ್ಣೀರಿಟ್ಟವರೂ ಇದ್ದಾರೆ. ಅಪರಿಚಿತರ ಗುಂಪೊಂದು ಬಳಗವಾಗಿ ಮಾರ್ಪಡುವುದು ಹೇಗೆ?

ಕರ್ನಾಟಕದ ವಿದ್ಯಾಲಯಗಳ ಚರಿತ್ರೆಯನ್ನು ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ: ಜೊತೆಯಾಗಿ ಉಣ್ಣುವುದು, ಜೊತೆಯಾಗಿ ಆಲೋಚಿಸುವುದು, ಜೊತೆಯಾಗಿ ದುಡಿಯುವುದು. ಈ ಮೂರೂ ನಡೆದ ಕಡೆಗಳಲ್ಲಿ ಬಳಗ ಬೆಳೆಯಿತು. ಆದರೆ ಒಂದು ಬಳಗವು ಒಳ್ಳೆಯದೋ ಅಲ್ಲವೋ ಎಂಬುದನ್ನು ತಿಳಿಯಲು ಅದರ ಒಳಗಿರುವವರ ಸ್ನೇಹವೊಂದನ್ನೇ ನೋಡಿದರೆ ಸಾಲದು. ಹೊಸದಾಗಿ ಬಂದವನಿಗೆ ಅಲ್ಲಿ ಜಾಗವಿದೆಯೇ ಎಂಬುದನ್ನೂ ನೋಡಬೇಕು.

ಮೊದಲು ಅನ್ನದ ಮಾತು. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ ಬೆಳೆದುದು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ, 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜೂ ಸ್ಥಾಪಿತವಾದವು. ಹಳ್ಳಿಯ ಹುಡುಗನು ಮೇಲಿನ ವಿದ್ಯೆಯನ್ನು ಪಡೆಯಬೇಕಾದರೆ ಇಂತಹ ಕೆಲವೇ ನಗರಗಳಿಗೆ ಹೋಗಬೇಕಾಗಿತ್ತು. ಹೋಟೆಲಿನಲ್ಲಿ ಉಣ್ಣಲು ಹಣವಿಲ್ಲ. ಮನೆಯಿಂದ ಬರುವ ಮನಿಆರ್ಡರ್ ಶುಲ್ಕಕ್ಕೇ ಸಾಲದು. ಆಗ ಬಡ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದುದು ವಾರಾನ್ನದ ಪದ್ಧತಿ. ವಿದ್ಯಾರ್ಥಿಯು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ದಿನಕ್ಕೊಂದು ಮನೆಯಲ್ಲಿ ಊಟ. ಯಾವುದಾದರೂ ಒಂದು ಮನೆಯವರು ಊರಿಗೆ ಹೋಗಿದ್ದರೆ ಆ ದಿನ ಉಪವಾಸ. ಗೃಹಿಣಿಯು ಪ್ರೀತಿಯಿಂದ ಬಡಿಸಿದರೆ ಅದು ತಾಯಿಯ ಮನೆ. ಮುಖ ಸಿಂಡರಿಸಿಕೊಂಡು ಬಡಿಸಿದರೆ ತುತ್ತು ಗಂಟಲಿನಲ್ಲಿ ಇಳಿಯದು. ಹೀಗೆ ಉಂಡು ಓದಿ ನಾಡಿಗೆ ಹಿರಿಯರಾದವರು ಅನೇಕರು.

ವಾರಾನ್ನವು ಕರುಣೆಯಿಂದ ಹುಟ್ಟಿದ ಪದ್ಧತಿ. ಆದರೆ ಆ ಕರುಣೆಗೆ ಒಂದು ಎಲ್ಲೆಯಿತ್ತು. ಊಟದ ಮನೆಯಲ್ಲಿ ಮಡಿಮೈಲಿಗೆಗಳಿದ್ದ ಕಾಲವದು. ಆದುದರಿಂದ ವಾರಾನ್ನವು ಹೆಚ್ಚಾಗಿ ತಮ್ಮ ತಮ್ಮ ಜಾತಿಯವರಿಗೆ ಮಾತ್ರ ದೊರೆಯುತ್ತಿತ್ತು. ನಗರದಲ್ಲಿ ತನ್ನವರ ಮನೆಗಳೇ ಇಲ್ಲದ ಬೇಸಾಯಗಾರನ ಮಗನಿಗೆ, ಕುರಿಗಾಹಿಯ ಮಗನಿಗೆ ಏಳು ಮನೆಗಳು ಎಲ್ಲಿ ಸಿಗಬೇಕು? ಅಸ್ಪೃಶ್ಯನೆಂದು ಕರೆಯಲ್ಪಟ್ಟವನಿಗಂತೂ ಒಂದು ಮನೆಯ ಹೊಸ್ತಿಲೂ ತೆರೆದಿರಲಿಲ್ಲ. ಹೀಗಾಗಿ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿದೆ ಎಂದರೂ, ಊಟದ ಬಾಗಿಲು ಮುಚ್ಚಿದ್ದವರಿಗೆ ಆ ಮಾತಿನಿಂದ ಪ್ರಯೋಜನವಾಗಲಿಲ್ಲ.

ಈ ಕೊರತೆಯನ್ನು ತುಂಬಲು ಉಚಿತ ವಿದ್ಯಾರ್ಥಿನಿಲಯಗಳು ಹುಟ್ಟಿದವು. ಚಿತ್ರದುರ್ಗದ ಬೃಹನ್ಮಠದ ಜಯದೇವ ಸ್ವಾಮಿಗಳು ನಾಡಿನ ಹಲವು ಪಟ್ಟಣಗಳಲ್ಲಿ ಇಂತಹ ನಿಲಯಗಳನ್ನು ತೆರೆದರು. ವ್ಯಾಪಾರದಿಂದ ಹಣ ಗಳಿಸಿದ ಗುಬ್ಬಿ ತೋಟದಪ್ಪನವರು ತಮ್ಮ ಸಂಪತ್ತನ್ನು ಬೆಂಗಳೂರಿನ ಧರ್ಮಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ಮುಡಿಪಾಗಿಟ್ಟರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಗ್ರಾಮೀಣ ತರುಣರು ತೋಟದಪ್ಪನವರ ನಿಲಯದಲ್ಲಿದ್ದುಕೊಂಡು ವ್ಯಾಸಂಗ ಮಾಡಿದರು. ಮುಂದೆ ಅವರೇ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳಾದರು. 2019ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ, ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳು ಅವರ ನೆರಳಿನಲ್ಲಿ ಉಂಡು ಓದಿದರು. ಮತ್ತೊಬ್ಬರು ಇಟ್ಟ ಅನ್ನದಿಂದ ಓದಿದವನು ಆ ಅನ್ನವನ್ನು ಸಾವಿರ ಪಾಲಾಗಿ ಹಿಂದಿರುಗಿಸಬಲ್ಲನು ಎಂಬುದಕ್ಕೆ ಇದು ಉಜ್ವಲ ನಿದರ್ಶನ.

ಆದರೂ ಆ ಕಾಲದ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲು ಒಂದೊಂದು ಜನಾಂಗದವರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡವುಗಳು. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಊಟದ ಹೊತ್ತಿಗೆ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು. ಸ್ವಾತಂತ್ರ್ಯಾನಂತರ ಸರ್ಕಾರದ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ವಿಶೇಷವಾಗಿ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದ 1972ರಿಂದ 1980ರವರೆಗಿನ ಕಾಲದಲ್ಲಿ ಹಿಂದುಳಿದ ವರ್ಗಗಳ ಮಕ್ಕಳ ವಿದ್ಯಾಭ್ಯಾಸಕ್ಕೆ ಹೆಚ್ಚಿನ ಗಮನ ದೊರೆಯಿತು. ಮನೆತನದಲ್ಲಿ ಅಕ್ಷರ ಕಲಿತವರೇ ಇಲ್ಲದಿದ್ದ ಮಕ್ಕಳು ಕಾಲೇಜಿನ ಮೆಟ್ಟಿಲನ್ನು ಏರಿದರು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಂತಹ ಬರಗಾಲದ ನಾಡಿಗೆ ಇದು ಸಾಮಾನ್ಯವಾದ ಬದಲಾವಣೆಯಲ್ಲ. ಮಳೆ ಬಾರದ ವರ್ಷದಲ್ಲಿಯೂ ಮಗನ ಓದು ನಿಲ್ಲದೆ ಸಾಗುವುದಕ್ಕೆ ಊಟ ಕೊಡುವ ಹಾಸ್ಟೆಲೇ ಆಧಾರವಾಯಿತು.

ವಿದ್ಯಾರ್ಥಿನಿಲಯದ ಊಟದ ಮನೆಯನ್ನು ಮೆಸ್ ಎಂದು ಕರೆಯುವುದು ವಾಡಿಕೆ. ಹಲವು ಕಾಲೇಜುಗಳಲ್ಲಿ ಮೆಸ್ಸನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ಅವರೇ ಒಂದು ಸಮಿತಿಯನ್ನು ಆರಿಸುತ್ತಾರೆ. ಸರದಿಯ ಮೇಲೆ ಇಬ್ಬರು ಸಂತೆಗೆ ಹೋಗಿ ತರಕಾರಿ ತರುತ್ತಾರೆ. ಒಬ್ಬನು ಉಗ್ರಾಣದ ಬೀಗದ ಕೈಯನ್ನು ಇಟ್ಟುಕೊಳ್ಳುತ್ತಾನೆ. ಇನ್ನೊಬ್ಬನು ಲೆಕ್ಕ ಬರೆಯುತ್ತಾನೆ. ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಉಂಡವರೆಲ್ಲರಿಗೂ ಸಮನಾಗಿ ಹಂಚುತ್ತಾರೆ. ನೋಡಲು ಇದು ಅಲ್ಪ ವಿಷಯ. ಆದರೆ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆದಿಡುವುದು, ಅನ್ನ ಸೀದುಹೋದ ದಿನ ಬೈಗುಳವನ್ನು ಸಹಿಸಿಕೊಳ್ಳುವುದು, ತನಗೆ ಬೇಡವಾದ ಸಾರು ಇನ್ನೊಬ್ಬನಿಗೆ ಇಷ್ಟವೆಂದು ಒಪ್ಪಿಕೊಳ್ಳುವುದು, ಇವೆಲ್ಲ ಪ್ರಜಾಪ್ರಭುತ್ವದ ಮೊದಲ ಪಾಠಗಳೇ ಆಗಿವೆ. ಮುದ್ದೆಯ ನಾಡಿನವನೂ ಅನ್ನದ ನಾಡಿನವನೂ ರೊಟ್ಟಿಯ ನಾಡಿನವನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಾಗ, ವಾರಾನ್ನದ ಕಾಲದಲ್ಲಿ ಮುಚ್ಚಿದ್ದ ಬಾಗಿಲು ತೆರೆಯಿತೆಂದು ತಿಳಿಯಬೇಕು.

ಉಣ್ಣುವುದರಿಂದ ಪರಿಚಯ ಬೆಳೆಯುತ್ತದೆ. ಆ ಪರಿಚಯವು ಗಟ್ಟಿಯಾಗಬೇಕಾದರೆ ಮನಸ್ಸುಗಳೂ ಕೂಡಬೇಕು. ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರಾಂಪುರದಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿಯೇ ತಳುಕು ಎಂಬ ಗ್ರಾಮವಿದೆ. ಕನ್ನಡದ ಮೊದಲ ಪ್ರಾಧ್ಯಾಪಕರೆಂದು ಪ್ರಸಿದ್ಧರಾದ ತಳುಕಿನ ವೆಂಕಣ್ಣಯ್ಯನವರು 1885ರಲ್ಲಿ ಇಲ್ಲಿ ಜನಿಸಿದರು. ಅವರ ಆಪ್ತ ಮಿತ್ರರು ಎ. ಆರ್. ಕೃಷ್ಣಶಾಸ್ತ್ರಿಗಳು. ಕನ್ನಡದ ಕೆಲಸದಲ್ಲಿ ಸದಾ ಜೊತೆಯಾಗಿದ್ದ ಇವರಿಬ್ಬರನ್ನು ಜನರು ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುತ್ತಿದ್ದರು.

ಆ ಕಾಲದಲ್ಲಿ ಕಾಲೇಜಿನ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಕನ್ನಡದಲ್ಲಿ ಮಾತನಾಡುವುದೇ ಕೀಳೆಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿತ್ತು. ಮನೆಯಲ್ಲಿ ಕನ್ನಡವಾಡುವ ಇಬ್ಬರು ವಿದ್ಯಾರ್ಥಿಗಳು ಕಾಲೇಜಿನ ಅಂಗಳದಲ್ಲಿ ಎದುರಾದರೆ ಇಂಗ್ಲಿಷಿನಲ್ಲಿ ಕುಶಲ ವಿಚಾರಿಸುತ್ತಿದ್ದರು. ಇಂತಹ ಸಂದರ್ಭದಲ್ಲಿ ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆಯನ್ನೂ ಆರಂಭಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯವೇ ಆ ಪತ್ರಿಕೆಯ ಹೊಣೆಯನ್ನು ವಹಿಸಿಕೊಂಡಿತು. ಕಾಲೇಜಿನ ಒಂದು ಸಂಘದಿಂದ ಹುಟ್ಟಿದ ಪತ್ರಿಕೆಯು ಕನ್ನಡದ ಹೊಸ ಸಾಹಿತ್ಯಕ್ಕೂ ವಿದ್ವತ್ತಿಗೂ ವೇದಿಕೆಯಾದುದು ಸಣ್ಣ ಸಾಧನೆಯಲ್ಲ. ಈ ಮಾದರಿಯ ಸಂಘಗಳು ನಾಡಿನ ಇತರ ಕಾಲೇಜುಗಳಲ್ಲಿಯೂ ಬೆಳೆದವು.

ತರಗತಿಗೂ ಸಂಘಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ತರಗತಿಯಲ್ಲಿ ಅಧ್ಯಾಪಕರು ಹೇಳುತ್ತಾರೆ, ವಿದ್ಯಾರ್ಥಿಯು ಕೇಳುತ್ತಾನೆ. ಹಾಜರಿಯ ಭಯವಿದೆ, ಪರೀಕ್ಷೆಯ ಗುರಿಯಿದೆ. ಸಂಘಕ್ಕೆ ಬರುವವನು ತಾನಾಗಿ ಬರುತ್ತಾನೆ. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೂ ತಾನು ಬರೆದ ಪದ್ಯವನ್ನು ನಡುಗುವ ಕೈಯಲ್ಲಿ ಹಿಡಿದು ಓದಬಹುದು. ಹಿರಿಯ ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾರೆ. ತಪ್ಪಿದ್ದರೆ ತಿದ್ದುತ್ತಾರೆ, ಚೆನ್ನಾಗಿದ್ದರೆ ಬೆನ್ನು ತಟ್ಟುತ್ತಾರೆ. ಭೌತಶಾಸ್ತ್ರ ಓದುವವನೂ ಚರಿತ್ರೆ ಓದುವವನೂ ಒಂದೇ ನಾಟಕದಲ್ಲಿ ಪಾತ್ರ ವಹಿಸುತ್ತಾರೆ. ಒಬ್ಬನ ಮಾತನ್ನು ಇನ್ನೊಬ್ಬನು ಖಂಡಿಸಿದರೂ ಸಭೆ ಮುಗಿದ ಮೇಲೆ ಇಬ್ಬರೂ ಜೊತೆಯಾಗಿ ಕಾಫಿ ಕುಡಿಯುತ್ತಾರೆ. ಭಿನ್ನಾಭಿಪ್ರಾಯವು ವೈರವಲ್ಲವೆಂಬುದನ್ನು ತರುಣರು ಕಲಿಯುವುದು ಇಲ್ಲಿಯೇ.

ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದಾಗ ಅಲ್ಲಿ ಕನ್ನಡ ಎಂ.ಎ. ತರಗತಿಯು ಆರಂಭವಾಯಿತು. ಮಲೆನಾಡಿನ ಕುಪ್ಪಳಿಯಿಂದ ಬಂದಿದ್ದ ಕೆ. ವಿ. ಪುಟ್ಟಪ್ಪನವರು ಅಲ್ಲಿ ಅವರ ವಿದ್ಯಾರ್ಥಿಯಾಗಿ 1929ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಗುರುವು ಬಯಲುಸೀಮೆಯವರು, ಶಿಷ್ಯರು ಮಲೆನಾಡಿನವರು. ಹುಟ್ಟಿದ ಜಾತಿ ಬೇರೆ, ಬೆಳೆದ ಪರಿಸರ ಬೇರೆ. ಆದರೂ ಅವರ ನಡುವೆ ಬೆಳೆದ ಬಾಂಧವ್ಯವು ರಕ್ತಸಂಬಂಧಕ್ಕಿಂತ ಗಾಢವಾಗಿತ್ತು. ವೆಂಕಣ್ಣಯ್ಯನವರು 1939ರಲ್ಲಿ ನಿಧನರಾದರು. ಹತ್ತು ವರ್ಷಗಳ ತರುವಾಯ, 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವು ಪ್ರಕಟವಾದಾಗ ಕುವೆಂಪು ಅವರು ಅದನ್ನು ಅಗಲಿದ ತಮ್ಮ ಗುರುವಿಗೇ ಅರ್ಪಿಸಿದರು. ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಶಾಸನದ ಮಾತಿಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೆ? ಅದೇ ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಸ್ನಾತಕೋತ್ತರ ವಿದ್ಯೆಗಾಗಿ ‘ಮಾನಸಗಂಗೋತ್ರಿ’ಯನ್ನು ರೂಪಿಸಿದರು. ಒಬ್ಬ ಗುರುವಿನ ಅಂತಃಕರಣವು ಶಿಷ್ಯನ ಮೂಲಕ ಮುಂದಿನ ಎಷ್ಟೋ ತಲೆಮಾರುಗಳಿಗೆ ಹರಿದುಬರುವ ಬಗೆ ಇದು.

ವಿದ್ಯಾರ್ಥಿಗಳ ನಡುವೆಯೇ ಬಾಳಿದ ಇನ್ನೊಬ್ಬ ಅಧ್ಯಾಪಕರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು ಓದಿನ ಹಂಬಲದಿಂದ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದರು. 1942ರ ಚಳವಳಿಯಲ್ಲಿ ಸೆರೆಮನೆ ಸೇರಿದರು. ಭೌತಶಾಸ್ತ್ರದ ಅಧ್ಯಾಪಕರಾದರು; ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು; ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆದರು. ಇಷ್ಟೆಲ್ಲ ಆದರೂ ಅವಿವಾಹಿತರಾಗಿದ್ದ ಅವರು ತಮ್ಮ ಬಾಳಿನ ಬಹುಭಾಗವನ್ನು ಕಳೆದುದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ರಾತ್ರಿಯ ಹೊತ್ತಿನಲ್ಲಿಯೂ ಆ ಕೊಠಡಿಯ ಬಾಗಿಲನ್ನು ತಟ್ಟಬಹುದೆಂಬ ಧೈರ್ಯ ಹಳ್ಳಿಯಿಂದ ಬಂದ ಹುಡುಗನಿಗೆ ಎಷ್ಟು ದೊಡ್ಡ ಬಲ! 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ಕಾಲೇಜಿನ ಸಭಾಂಗಣವನ್ನು ಸಾರ್ವಜನಿಕರಿಗೂ ತೆರೆಯಿತು. ಗೌರಿಬಿದನೂರು, ಬಾಗೇಪಲ್ಲಿಗಳಂತಹ ಹಿಂದುಳಿದ ಪ್ರದೇಶಗಳಿಗೆ ಕಾಲೇಜನ್ನೇ ಕೊಂಡೊಯ್ದ ಕೀರ್ತಿಯೂ ಅವರದು.

ವಿದ್ಯಾಲಯದ ಬಾಳು ಯಾವಾಗಲೂ ಸಾಮರಸ್ಯದಿಂದ ಕೂಡಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. 1973ರ ನವೆಂಬರ್ ತಿಂಗಳಿನಲ್ಲಿ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ಬೂಸಾ ಎಂದರೆ ದನಗಳಿಗೆ ಹಾಕುವ ಹೊಟ್ಟು. ಆ ಮಾತಿನಿಂದ ನಾಡಿನ ಕಾಲೇಜುಗಳಲ್ಲಿ ಕಿಚ್ಚೆದ್ದಿತು. ಒಂದೇ ತರಗತಿಯಲ್ಲಿ ಕಲಿಯುತ್ತಿದ್ದವರು ಎರಡು ಪಾಳೆಯಗಳಾದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಬಸವಲಿಂಗಪ್ಪನವರು ಸಚಿವ ಪದವಿಯನ್ನು ಬಿಡಬೇಕಾಯಿತು. ಕುವೆಂಪು ಅವರಂತಹ ಹಿರಿಯರು ಅವರ ಮಾತಿನ ಹಿಂದಿದ್ದ ನೋವನ್ನು ಅರಿತು ಬೆಂಬಲಿಸಿದರು. ಕಾವ್ಯಗಳಲ್ಲಿ ತಮ್ಮ ಬಾಳಿನ ಚಿತ್ರವೇ ಇಲ್ಲವೆಂದು ಒಬ್ಬರು ಹೇಳುವಾಗ ಅವರ ಮಾತನ್ನು ಕೇಳುವ ತಾಳ್ಮೆ ಇತರರಿಗೆ ಇರಲಿಲ್ಲ. ಈ ಘಟನೆಯ ತರುವಾಯ ದಲಿತ ತರುಣರು ಸಂಘಟಿತರಾದರು. ಅವರ ಬರವಣಿಗೆಯಿಂದ ಕನ್ನಡ ಸಾಹಿತ್ಯಕ್ಕೆ ಹೊಸ ಶಕ್ತಿ ಬಂದಿತು. ಜೊತೆಯಾಗಿ ಕುಳಿತವರೆಲ್ಲ ಜೊತೆಯಾಗಿ ಬಾಳುತ್ತಿದ್ದಾರೆಂದು ಭಾವಿಸಬಾರದೆಂಬ ಎಚ್ಚರಿಕೆಯನ್ನು ಆ ವರ್ಷವು ನೀಡಿತು.

ಸ್ನೇಹದ ಹೆಸರಿನಲ್ಲಿಯೇ ನಡೆಯುವ ಇನ್ನೊಂದು ಕೇಡು ರ‍್ಯಾಗಿಂಗ್. ಹೊಸ ವಿದ್ಯಾರ್ಥಿಯನ್ನು ಹಿರಿಯ ವಿದ್ಯಾರ್ಥಿಗಳು ಹಾಸ್ಯಮಾಡಿ, ಅವಮಾನಿಸಿ, ಕೆಲವೊಮ್ಮೆ ಹಿಂಸಿಸಿ, ಇದೆಲ್ಲ ಪರಿಚಯ ಮಾಡಿಕೊಳ್ಳುವ ರೀತಿ ಎನ್ನುತ್ತಾರೆ. ತಾವು ಪಟ್ಟ ಕಷ್ಟವನ್ನು ಇನ್ನೊಬ್ಬನೂ ಪಡಲಿ ಎಂಬ ಹಟವೇ ಇದರ ಮೂಲ. ಇದರಿಂದ ನೊಂದು ಓದನ್ನು ಬಿಟ್ಟವರಿದ್ದಾರೆ. ಪ್ರಾಣವನ್ನೇ ಕಳೆದುಕೊಂಡವರೂ ಇದ್ದಾರೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ನಿಷೇಧಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದೆ. ಕಾನೂನು ಕೈಯನ್ನು ತಡೆಯಬಲ್ಲದು. ಆದರೆ ಹೊಸಬನ ಟ್ರಂಕಿಗೆ ಕೈಕೊಟ್ಟು ಕೊಠಡಿಯವರೆಗೆ ಹೊತ್ತುಕೊಡುವ ಮನಸ್ಸನ್ನು ಹಿರಿಯ ವಿದ್ಯಾರ್ಥಿಗಳೇ ಬೆಳೆಸಿಕೊಳ್ಳಬೇಕು.

ಮೂರನೆಯದು ದುಡಿಮೆ. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಗಾದೆ ಹಳ್ಳಿಗರಿಗೆಲ್ಲ ಗೊತ್ತು. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ದೇಶದ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. ಇದರ ಅಂಗವಾಗಿ ವಿದ್ಯಾರ್ಥಿಗಳು ಒಂದು ಹಳ್ಳಿಯನ್ನು ಆರಿಸಿಕೊಂಡು ಅಲ್ಲಿ ಶಿಬಿರ ಹೂಡುತ್ತಾರೆ. ಶಾಲೆಯ ಜಗಲಿಯಲ್ಲಿ ವಾಸ, ಊರವರು ಕೊಟ್ಟ ದವಸದಿಂದ ಅಡುಗೆ. ಬೆಳಿಗ್ಗೆ ಗುದ್ದಲಿ, ಮಂಕರಿಗಳನ್ನು ಹಿಡಿದು ರಸ್ತೆಯ ಗುಂಡಿ ಮುಚ್ಚುವುದು, ಕಾಲುವೆಯ ಹೂಳೆತ್ತುವುದು, ಸಸಿ ನೆಡುವುದು. ಸಂಜೆ ಊರವರೊಡನೆ ಮಾತುಕತೆ. ತರಗತಿಯಲ್ಲಿ ಹಿಂದಿನ ಬೆಂಚಿನವನೆಂದು ಹೆಸರಾದ ರೈತನ ಮಗನು ಇಲ್ಲಿ ಎಲ್ಲರಿಗೂ ಗುರುವಾಗುತ್ತಾನೆ. ಗುದ್ದಲಿಯನ್ನು ಹೇಗೆ ಹಿಡಿಯಬೇಕೆಂಬುದು ಆತನಿಗೆ ಗೊತ್ತು. ನಗರದ ಜಾಣನ ಅಂಗೈಯಲ್ಲಿ ಮೊದಲ ದಿನವೇ ಬೊಬ್ಬೆ ಏಳುತ್ತದೆ. ಒಬ್ಬನು ಬಲ್ಲದ್ದು ಇನ್ನೊಬ್ಬನಿಗೆ ತಿಳಿಯದೆಂಬ ಸತ್ಯ ಇಬ್ಬರಿಗೂ ಹೊಳೆದಾಗ ಮೇಲು ಕೀಳಿನ ಭಾವನೆ ತಾನಾಗಿ ಕರಗುತ್ತದೆ.

ಈ ಶಿಬಿರಗಳು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತವೆ. ಕಾಲೇಜಿನ ಬಳಗವು ಕಾಲೇಜಿನ ಗೋಡೆಯ ಬಳಿ ಮುಗಿಯುತ್ತದೆಯೇ? ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇದಕ್ಕಾಗಿ ಸುಮಾರು 1500 ಎಕರೆ ನೆಲವನ್ನು ಕೊಡಲಾಗಿದೆ. ಶಾಲೆ, ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಇಲ್ಲಿಗೆ ಬಂದು, ಜೊತೆಯಾಗಿ ತಂಗಿ, ಪ್ರಯೋಗಗಳನ್ನು ಮಾಡಿ ತರಬೇತಿ ಪಡೆಯುತ್ತಾರೆ. ಬರಡೆನಿಸಿದ ಸೀಮೆಗೆ ಇಂತಹ ವಿದ್ಯಾಕೇಂದ್ರ ಬಂದುದು ಹೆಮ್ಮೆಯ ವಿಷಯ. ಆದರೆ ಆ ಸುತ್ತಿನ ನೆಲವು ಹಿಂದೆ ಅಮೃತಮಹಲ್ ಕಾವಲು. ಅಕ್ಕಪಕ್ಕದ ಹಳ್ಳಿಗಳ ದನಕುರಿಗಳು ತಲೆಮಾರುಗಳಿಂದ ಅಲ್ಲಿ ಮೇಯುತ್ತಿದ್ದವು. ಹಲವು ಸಂಸ್ಥೆಗಳಿಗೆ ನೆಲವನ್ನು ಹಂಚಿ ಗೋಡೆಗಳು ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ಗೋಡೆಯ ಒಳಗೆ ನಾಡಿಗೆ ಬೇಕಾದ ವಿಜ್ಞಾನವಿದೆ. ಹೊರಗೆ ಕುರಿಗೆ ಬೇಕಾದ ಹುಲ್ಲಿನ ಚಿಂತೆಯಿದೆ. ಎರಡೂ ನಿಜವಾದವು. ವಿದ್ಯಾಲಯವು ತನ್ನ ನೆರೆಯವರನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಗೆ ಆ ಸೀಮೆಯಲ್ಲಿ ಓದಿ ಬೆಳೆಯುವ ಮಕ್ಕಳೇ ಮುಂದೆ ಉತ್ತರ ಹುಡುಕಬೇಕಾಗಿದೆ. ಆ ಕುರಿಗಾಹಿಯ ಮಗಳು ಒಂದು ದಿನ ಅದೇ ಆವರಣಕ್ಕೆ ಅಧ್ಯಾಪಕಿಯಾಗಿ ಬಂದರೆ, ಒಳಗಿನವರ ಮಾತೂ ಹೊರಗಿನವರ ಮಾತೂ ಆಕೆಗೆ ಅರ್ಥವಾಗುತ್ತವೆ.

ಕಾಲೇಜಿನ ಸಹಬಾಳ್ವೆಯು ಕಾಲೇಜಿಗೆ ಹೋದ ಮೇಲೆಯೇ ಆರಂಭವಾಗಬೇಕೆಂಬ ನಿಯಮವಿಲ್ಲ. ಪ್ರೌಢಶಾಲೆಯಲ್ಲಿಯೂ ಪಕ್ಕದ ಹಳ್ಳಿಯಿಂದ ನಡೆದು ಬರುವ ಹೊಸ ವಿದ್ಯಾರ್ಥಿ ಇರುತ್ತಾನೆ; ತಂದೆಗೆ ವರ್ಗವಾಗಿ ನಡುವರ್ಷದಲ್ಲಿ ಬಂದು ಸೇರಿದ ವಿದ್ಯಾರ್ಥಿನಿ ಇರುತ್ತಾಳೆ; ಗುಳೆ ಹೋದ ತಾಯಿತಂದೆಗಳೊಡನೆ ತಿಂಗಳುಗಟ್ಟಲೆ ಊರು ಬಿಟ್ಟಿದ್ದು, ಪಾಠದಲ್ಲಿ ಹಿಂದುಳಿದು ಮರಳಿದ ಬಾಲಕನೂ ಇರುತ್ತಾನೆ. ಮಧ್ಯಾಹ್ನದ ಬಿಸಿಯೂಟದ ಪಂಕ್ತಿಯಲ್ಲಿ ಆತನಿಗೆ ಪಕ್ಕದಲ್ಲಿ ಜಾಗ ಬಿಡುವುದು, ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಕೇಳುವ ಮೊದಲೇ ಕೊಡುವುದು, ಆತನ ಮಾತಿನ ರೀತಿಗೆ ನಗದಿರುವುದು, ಇಷ್ಟನ್ನು ಇಂದೇ ಮಾಡಬಹುದು. ಇದಕ್ಕೆ ಹಣ ಬೇಕಿಲ್ಲ, ಅಧಿಕಾರವೂ ಬೇಕಿಲ್ಲ.

ವಾರಾನ್ನ ಬಡಿಸಿದ ಹೆಸರಿಲ್ಲದ ಗೃಹಿಣಿಯರು, ನಿಲಯಗಳನ್ನು ಕಟ್ಟಿದ ದಾನಿಗಳು, ಸಂಘಗಳನ್ನು ಬೆಳೆಸಿದ ಅಧ್ಯಾಪಕರು, ಹಾಸ್ಟೆಲಿನ ಕೊಠಡಿಯನ್ನೇ ಮನೆಮಾಡಿಕೊಂಡ ಗುರುಗಳು, ಇವರೆಲ್ಲರ ಕೆಲಸ ಸೇರಿ ಇಂದಿನ ವಿದ್ಯಾಲಯಗಳಾಗಿವೆ. ಅವರು ತೆರೆದ ಬಾಗಿಲುಗಳಲ್ಲಿ ಕೆಲವು ಇನ್ನೂ ಅರ್ಧ ಮಾತ್ರ ತೆರೆದಿವೆ. ಮೊಳಕಾಲ್ಮೂರು ಸೀಮೆಯ ಬಂಡೆಗಳ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಕೆತ್ತಿದ ಬರಹದಲ್ಲಿ ತಂದೆ ತಾಯಿ, ಗುರು, ಬಂಧು ಇವರೆಲ್ಲರಿಗೂ ಸ್ಥಾನವಿದೆ. ಆ ಸಾಲಿಗೆ ಸಹಪಾಠಿಯ ಹೆಸರನ್ನೂ ಸೇರಿಸುವ ಕೆಲಸ ಇಂದು ಓದುತ್ತಿರುವವರ ಪಾಲಿಗೆ ಉಳಿದಿದೆ. ಅದಕ್ಕೆ ಉಳಿಯೂ ಬೇಡ, ಬಂಡೆಯೂ ಬೇಡ. ನಾಳೆ ಬೆಳಿಗ್ಗೆ ತರಗತಿಗೆ ಬರುವ ಹೊಸಬನಿಗೆ ಬೆಂಚಿನ ಮೇಲೆ ಸ್ವಲ್ಪ ಸರಿದು ಕುಳಿತರೆ ಸಾಕು.